ಮೊದಲು ಕ್ಯಾಲೆಂಡರ್ ಸರಿಯಾಗಲಿ

ಮಾನ್ಯರೇ,

ಹೋಂಸ್ಟೇ, ಕರಕುಶಲ ಮಳಿಗೆಗಳ ಡಿಜಿಟಲ್ ಸಿದ್ಧತೆ ಎಂದರೆ ವೆಬ್‌ಸೈಟ್ ಮಾಡಿಸುವುದು ಎಂದೇ ಹಲವರ ಎಣಿಕೆ. ಪೆಟ್ಟು ಬೀಳುವುದು ಬೇರೆಡೆ. ಒಂದೇ ಕೋಣೆಯನ್ನು ಎರಡು ಬುಕಿಂಗ್ ತಾಣಗಳಲ್ಲಿ ಹಾಕಿ, ಐಕ್ಯಾಲ್ ಕೊಂಡಿಯಿಂದ (ಒಂದು ತಾಣದ ಕ್ಯಾಲೆಂಡರನ್ನು ಇನ್ನೊಂದು ತಾಣ ಓದಿಕೊಳ್ಳುವ ಲಿಂಕ್) ಕ್ಯಾಲೆಂಡರ್ ಜೋಡಿಸಿದರೂ ಮಾಹಿತಿ ತಕ್ಷಣ ಬದಲಾಗುವುದಿಲ್ಲ. ಕೆಲವೊಮ್ಮೆ ಗಂಟೆಗಟ್ಟಲೆ ತಡ. ಆ ನಡುವೆ ಇನ್ನೊಬ್ಬರು ಅದೇ ದಿನಾಂಕಕ್ಕೆ ಕೋಣೆ ಕಾಯ್ದಿರಿಸಿದರೆ ಮುಗಿಯಿತು: ಹಣ ವಾಪಸು, ಜೊತೆಗೆ 1 ಸ್ಟಾರ್ ವಿಮರ್ಶೆ. ಒಂದೆರಡೇ ಕೋಣೆ ಇರುವವರು ಮಾಲೀಕರ ಒಪ್ಪಿಗೆಗೆ ಕಾಯದೆ ತಕ್ಷಣ ಖಚಿತವಾಗುವ ಬುಕಿಂಗನ್ನು ಒಂದೇ ತಾಣದಲ್ಲಿ ತೆರೆದಿಟ್ಟು, ಉಳಿದೆಡೆ ಕೋರಿಕೆ ನೋಡಿ ಒಪ್ಪುವುದೇ ಕ್ಷೇಮ. ಫೋನಿನಲ್ಲಿ ಒಪ್ಪಿದ ದಿನಾಂಕವನ್ನು ಕರೆ ಮುಗಿಯುವ ಮೊದಲೇ ಎಲ್ಲೆಡೆ ಮುಚ್ಚಬೇಕು.

ಇನ್ನೊಂದು: ಡೊಮೇನ್ (ವೆಬ್‌ಸೈಟಿನ ವಿಳಾಸ) ವೆಬ್‌ಸೈಟ್ ಮಾಡಿಕೊಟ್ಟವರ ಇಮೇಲ್‌ನಲ್ಲಿ ನೋಂದಣಿಯಾಗಿದ್ದರೆ ನವೀಕರಣದ ಸೂಚನೆ ಮಾಲೀಕರಿಗೆ ಬರುವುದೇ ಇಲ್ಲ. ಇಂಥವರಿಗೆ ಡಿಜಿಟಲ್ ತರಬೇತಿ ಕೊಡುವವರು ಮೊದಲ ದಿನವೇ ಆ ನೋಂದಣಿಯನ್ನು ಮಾಲೀಕರ ಹೆಸರಿಗೆ ಬದಲಿಸಿಕೊಡಲಿ.