ಹದಿನೆಂಟನೇ ಬೀದಿಯವರ ಬಗ್ಗೆನೂ ಒಂದು ಸಲ ಬರೀರಿ

ಸಂಪಾದಕರಿಗೆ ನಮಸ್ಕಾರ,

ನಾನು ಹಾಸನದ ಕಡೆಯವಳು, ಮದ್ವೆ ಆಗಿ ಚಿಕಾಗೊಗೆ ಬಂದು ಹದಿನಾರು ವರ್ಷ ಆಯ್ತು, ಇಲ್ಲಿಂದ್ಲೂ ದಿನಾ ಬೆಳಗ್ಗೆ ಫೋನಲ್ಲಿ ನಿಮ್ಮ ಪೇಪರ್ ನೋಡದೆ ಕಾಫಿ ಇಳಿಯಲ್ಲ. ಅಮೆರಿಕದ ಲ್ಯಾಟಿನೋ ಜನ, ಅಂದ್ರೆ ಮೆಕ್ಸಿಕೊ ಮತ್ತೆ ಆ ಕಡೆಯ ದೇಶಗಳ ಮೂಲದವ್ರು, ಇವ್ರ ಬಗ್ಗೆ ನಮ್ಮ ಕನ್ನಡ ಪೇಪರ್‌ಗಳಲ್ಲಿ ಬರೋದು ಎರಡೇ ಥರ ಸುದ್ದಿ, ಗಡಿ ದಾಟಿ ಬಂದ್ರು ಅಂತ ಒಂದು, ಹಿಡಿದು ವಾಪಸ್ ಕಳ್ಸಿದ್ರು ಅಂತ ಇನ್ನೊಂದು. ಎರಡೂ ಸುಳ್ಳಲ್ಲ. ಆದ್ರೆ ಈ ಊರಲ್ಲಿ ಹತ್ತು ಜನರಲ್ಲಿ ಮೂರು ಜನ ಲ್ಯಾಟಿನೋಗಳು, 2020ರ ಜನಗಣತಿಯಲ್ಲಿ ಎಂಟು ಲಕ್ಷಕ್ಕೂ ಮೇಲೆ ಲೆಕ್ಕಕ್ಕೆ ಸಿಕ್ಕಿದ್ದಾರೆ, ಅವ್ರು ಐವತ್ತು ವರ್ಷದಿಂದ ತಮ್ಮ ಬೀದಿಗಳಲ್ಲಿ ತಾವೇ ಕಟ್ಟಿಕೊಂಡಿರೋ ಸಂಸ್ಥೆಗಳ ಬಗ್ಗೆ ಒಂದು ಸಾಲೂ ಕಾಣಲ್ಲ. ಅದು ನನಗೆ ನಿಜವಾಗ್ಲೂ ಬೇಜಾರು.

ನನಗೂ ಮೊದಲು ಗೊತ್ತಿರಲಿಲ್ಲ. ನನ್ನ ಸಿಟಿಜನ್‌ಶಿಪ್ ಅರ್ಜಿನ ಲಾಯರ್ ಇಲ್ಲದೆ ನಾನೇ ತುಂಬಿದ್ದೆ, ಅದು ಗೊತ್ತಿದ್ದ ಆಫೀಸಿನ ಗೆಳತಿ ಒಂದು ಶನಿವಾರ ಬಾ ಅಂತ ಕರ್ಕೊಂಡು ಹೋದ್ಲು, ಲಿಟಲ್ ವಿಲೇಜ್ ಅನ್ನೋ ಏರಿಯಾದ ಒಂದು ಶಾಲೆ ಊಟದ ಹಾಲ್‌ಗೆ. ಅಲ್ಲಿ ಒಂದು ಎನ್‌ಜಿಒದವ್ರು ಉದ್ದಕ್ಕೆ ಟೇಬಲ್ ಹಾಕಿ ಸಿಟಿಜನ್‌ಶಿಪ್‌ಗೆ ಹಾಕೋ ಎನ್-400 ಅರ್ಜಿ ತುಂಬಿಸ್ತಾ ಇದ್ರು, ಟೇಬಲ್ ತುದೀಲಿ ಒಂದು ಡಬ್ಬದ ತುಂಬ ಓದೋ ಕನ್ನಡಕ ಇಟ್ಟಿದ್ರು, ಯಾರಿಗೆ ಯಾವುದು ಸರಿಹೋಗುತ್ತೋ ಹಾಕ್ಕೊಳ್ಳಿ ಅಂತ. ನನ್ನ ಮುಂದೆ ಕೂತ ಅಮ್ಮನಿಗೆ ಅರವತ್ತು ದಾಟಿತ್ತು, ಮಿಠಾಯಿ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್ ಮಾಡಿದ ಕೈ. ಐದು ವರ್ಷದಲ್ಲಿ ದೇಶ ಬಿಟ್ಟು ಹೊರಗೆ ಹೋದ ತಾರೀಕೆಲ್ಲ ಬರೀಬೇಕು ಆ ಅರ್ಜಿಯಲ್ಲಿ. ಅವ್ರಿಗೆ ತಾರೀಕು ನೆನಪಿಲ್ಲ, ಕ್ಯಾಂಡಲೇರಿಯಾ ಹಬ್ಬ ಆದ ಮೂರನೇ ದಿನ ಹೊರಟಿದ್ದೆ, ಅಮ್ಮ ತೀರಿಕೊಂಡಿದ್ರು ಅಂದ್ರು. ಕ್ಯಾಂಡಲೇರಿಯಾ ಅಂದ್ರೆ ಫೆಬ್ರವರಿ 2, ಹಾಗಾಗಿ 5 ಅಂತ ಬರ್ಕೊಂಡೆ, ಆಮೇಲೆ ಪಾಸ್‌ಪೋರ್ಟ್ ಸೀಲ್ ನೋಡಿದ್ರೆ ಸರಿಯಾಗಿ ಅದೇ ತಾರೀಕು. ನಮ್ಮಜ್ಜಿನೂ ಹಿಂಗೇ, ಗೌರಿ ಹಬ್ಬದ ಹಿಂದಿನ ದಿನ ಅಂತಾನೇ ಲೆಕ್ಕ ಹೇಳೋದು. ಅವತ್ತು ಇಡೀ ಹಾಲ್ ನಡೆಸ್ತಾ ಇದ್ದಿದ್ದು ಇಪ್ಪತ್ತಾರು ವರ್ಷದ ಒಂದು ಹುಡುಗಿ, ಅವಳಮ್ಮ ಅರ್ಜಿ ಹಾಕಿದ್ದೂ ಇಂಥದ್ದೇ ಒಂದು ಶನಿವಾರವಂತೆ, ಆಗ ಇವಳು ಪಕ್ಕದಲ್ಲಿ ಕೂತು ಅಮ್ಮನಿಗೆ ಇಂಗ್ಲಿಷ್ ಓದಿ ಹೇಳಿದ್ಲಂತೆ. ಅವತ್ತಿಂದ ನಾನು ಈ ಸಂಸ್ಥೆಗಳ ಚರಿತ್ರೆ ಕೇಳ್ತಾ ಓದ್ತಾ ಬಂದೆ.

ಪಿಲ್ಸೆನ್ ಅಂತ ಒಂದು ಏರಿಯಾ ಇದೆ, ಮೊದಲು ಚೆಕ್ ಜನ ಇದ್ದಿದ್ದು, ಅದಕ್ಕೇ ಆ ಹೆಸರು. 1960ರ ದಶಕದಲ್ಲಿ ಇಲಿನಾಯ್ ಯೂನಿವರ್ಸಿಟಿಯ ಹೊಸ ಕ್ಯಾಂಪಸ್ ಕಟ್ಟೋಕೆ ಅಂತ ಪಕ್ಕದ ಬಡಾವಣೆ ಒಡೆದಾಗ ಅಲ್ಲಿದ್ದ ಮೆಕ್ಸಿಕನ್ ಕುಟುಂಬಗಳು ಇಲ್ಲಿಗೆ ಬಂದು ಹದಿನೆಂಟನೇ ಬೀದಿ ಸುತ್ತ ಸೇರ್ಕೊಂಡ್ವು. ಏನೂ ಸಿಗ್ತಿರಲಿಲ್ಲ, ಸಿಗದಿದ್ದನ್ನ ಒಂದೊಂದಾಗಿ ತಾವೇ ಮಾಡ್ಕೊಂಡ್ರು. 1973ರಲ್ಲಿ ಹೆಂಗಸರು ಸೇರಿ ಮುಹೆರೆಸ್ ಲಾತಿನಾಸ್ ಎನ್ ಅಕ್ಸಿಯೋನ್ ಅನ್ನೋ ಮಹಿಳಾ ಸಂಸ್ಥೆ ಶುರು ಮಾಡಿದ್ರು. 1982ರಲ್ಲಿ ಕಾರ್ಲೋಸ್ ಟೋರ್ಟೊಲೆರೊ ಅನ್ನೋ ಮೇಷ್ಟ್ರು ಇನ್ನೂ ಕೆಲವು ಮೇಷ್ಟ್ರುಗಳ ಜೊತೆ 900 ಡಾಲರ್ ಇಟ್ಕೊಂಡು ಮೆಕ್ಸಿಕನ್ ಕಲೆಯ ಮ್ಯೂಸಿಯಂ ಕಟ್ಟಕ್ಕೆ ಹೊರಟ್ರು, 1987ರಲ್ಲಿ ಬಾಗಿಲು ತೆಗೀತು, ಇವತ್ತಿಗೂ ಅಲ್ಲಿ ಟಿಕೆಟ್ ಇಲ್ಲ, ನನ್ನ ಮಕ್ಕಳನ್ನ ಎಷ್ಟು ಸಲ ಕರ್ಕೊಂಡು ಹೋಗಿದೀನೋ ಲೆಕ್ಕವಿಲ್ಲ. 1990ರಲ್ಲಿ ಆರು ಚರ್ಚ್‌ಗಳು ತಲಾ 5,000 ಡಾಲರ್ ಹಾಕಿ ರೆಸರೆಕ್ಷನ್ ಪ್ರಾಜೆಕ್ಟ್ ಅಂತ ಮನೆ ಕಟ್ಟಿಕೊಡೋ ಸಂಸ್ಥೆ ಶುರು ಮಾಡಿದ್ವು, ಪಿಲ್ಸೆನ್‌ನಲ್ಲೇ ಬೆಳೆದ ರೌಲ್ ರೇಮುಂಡೊ ಅದರ ಚುಕ್ಕಾಣಿ ಹಿಡಿದ್ರು.

ಇದೇ ಸಂಸ್ಥೆಯ ಒಂದು ಕೆಲಸ ಹೇಳ್ಲೇಬೇಕು. ಲಿಟಲ್ ವಿಲೇಜಲ್ಲಿ ಸೆಕೆಂಡ್ ಫೆಡರಲ್ ಅಂತ ಒಂದು ಹಳೇ ಬ್ಯಾಂಕ್ ಇತ್ತು, ಇಲ್ಲಿನ ಆಧಾರ್ ಥರದ ಸೋಶಿಯಲ್ ಸೆಕ್ಯೂರಿಟಿ ನಂಬರ್ ಇಲ್ಲದಿದ್ರೂ ತೆರಿಗೆ ಕಟ್ಟೋ ನಂಬರ್ ನೋಡಿ ಮನೆ ಸಾಲ ಕೊಡ್ತಿತ್ತು. ಮನೆ ಬೆಲೆ ಬಿದ್ದುಹೋದ ಮೇಲೆ 2012ರಲ್ಲಿ ಬ್ಯಾಂಕ್ ಮುಚ್ತು. ಸಾಲಗಳನ್ನ ಯಾರೋ ಹೊರಗಿನ ಬಂಡವಾಳದವ್ರು ಕೊಂಡ್ಕೊಂಡ್ರೆ ಕಂತು ತಪ್ಪಿದವರ ಮನೆ ಹರಾಜು ಆಗೋದು ಗ್ಯಾರಂಟಿ ಅಂತ ಇವ್ರು ನಾರ್ತ್ ಕೆರೊಲಿನಾದ ಒಂದು ಸಹಕಾರಿ ಸಂಸ್ಥೆ ಜೊತೆ ಸೇರಿ ಆ ಸಾಲಗಳನ್ನ ಉಳಿಸ್ಕೊಂಡ್ರು, 2013ರಲ್ಲಿ ಅದೇ ಜಾಗದಲ್ಲಿ ಮತ್ತೆ ಕೌಂಟರ್ ಶುರು ಆಯ್ತು. ನಾವು ಸಮಾಜ ಸೇವೆ ಅಂದ್ರೆ ಅನ್ನದಾನ, ನೋಟ್‌ಬುಕ್ ಹಂಚೋದು ಅಂತ ಅಂದ್ಕೊಳ್ತೀವಿ, ಅದೂ ಬೇಕು. ಇಲ್ಲಿ ಮಾಡಿದ್ದು ಜನರ ಮನೆ ಬೀಗ ಜನರ ಕೈಯಲ್ಲೇ ಇರೋ ಹಂಗೆ ನೋಡ್ಕೊಂಡಿದ್ದು.

ಇನ್ನು ಒಂದು ಹೈಸ್ಕೂಲ್ ಕತೆ. 1998ರಲ್ಲಿ ಸಿಟಿಯವರು ಲಿಟಲ್ ವಿಲೇಜ್‌ಗೆ ಹೊಸ ಹೈಸ್ಕೂಲ್ ಕೊಡ್ತೀವಿ ಅಂದ್ರು. ಊರಿನ ಉತ್ತರ ಭಾಗದಲ್ಲಿ ಎಂಟ್ರೆನ್ಸ್ ಟೆಸ್ಟ್ ಬರೆದು ಸೇರೋ ಶಾಲೆಗಳು ಎದ್ದು ನಿಂತ್ವು, ಇಲ್ಲಿ ದುಡ್ಡಿಲ್ಲ ಅಂದ್ರು. ಇದ್ದ ಹೈಸ್ಕೂಲ್ ತುಂಬಿ ತುಳುಕ್ತಿತ್ತು. 2001ರ ಮೇ 13, ಇಲ್ಲಿ ತಾಯಂದಿರ ದಿನ, ಅವತ್ತು ಆ ಖಾಲಿ ಸೈಟಲ್ಲೇ ಟೆಂಟ್ ಹಾಕಿ 14 ಜನ ಉಪವಾಸ ಕೂತ್ರು, ಅಮ್ಮಂದಿರು ಅಜ್ಜಿಯರು ಎಲ್ಲ. ಟೆಂಟಿಗೆ ಕ್ಯಾಂಪ್ ಸೀಸರ್ ಚಾವೇಸ್ ಅಂತ ಹೆಸರಿಟ್ರು. ಚಾವೇಸ್ ಅಂದ್ರೆ ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟದ ಕೂಲಿಗಳನ್ನ ಸಂಘಟಿಸಿದ ನಾಯಕ, 1968ರಲ್ಲಿ 25 ದಿನ ಉಪವಾಸ ಮಾಡಿದ್ರು, ಅದನ್ನ ಗಾಂಧೀಜಿಯಿಂದ ಕಲಿತೆ ಅಂತ ಅವ್ರೇ ಹೇಳ್ಕೊಂಡಿದ್ರು. ನಮ್ಮ ಗಾಂಧಿ ಅಲ್ಲಿಂದ ಇಲ್ಲಿ ತನಕ ಬಂದು ಈ ಅಜ್ಜಿಯರ ಟೆಂಟಲ್ಲಿ ಕೂತಿದ್ರು ಅನ್ನೋದು ನಮಗ್ಯಾಕೆ ಗೊತ್ತಾಗ್ಬಾರ್ದು ಸಾರ್? 19 ದಿನ ಕೂತ್ರು. ಶಾಲೆ 2005ರಲ್ಲಿ ಶುರು ಆಯ್ತು, ಒಂದೇ ಕ್ಯಾಂಪಸ್ಸಲ್ಲಿ ನಾಲ್ಕು ಸಣ್ಣ ಹೈಸ್ಕೂಲ್, ಒಂದರ ಹೆಸರೇ ಸೋಶಿಯಲ್ ಜಸ್ಟಿಸ್ ಹೈಸ್ಕೂಲ್. ಆಗ ಈ ಏರಿಯಾದ ಅಭಿವೃದ್ಧಿ ಸಂಸ್ಥೆಯ ಮುಖ್ಯಸ್ಥರಾಗಿದ್ದ ಚೂಯ್ ಗಾರ್ಸಿಯಾ ಆಮೇಲೆ ಕಾಂಗ್ರೆಸ್‌ಗೆ, ಅಂದ್ರೆ ಇಲ್ಲಿನ ಪಾರ್ಲಿಮೆಂಟ್‌ಗೆ, ಆರಿಸಿ ಬಂದ್ರು, 2015ರಲ್ಲಿ ಮೇಯರ್ ಎಲೆಕ್ಷನ್‌ನಲ್ಲಿ ಎರಡನೇ ಸುತ್ತಿನ ತನಕ ಹೋಗಿದ್ರು.

ಹೊಗೆ ವಿಷಯಕ್ಕೂ ಹಿಂಗೇ ಹೋರಾಡಿದ್ರು. ಪಿಲ್ಸೆನ್ ಪಕ್ಕ ಫಿಸ್ಕ್, ಲಿಟಲ್ ವಿಲೇಜ್ ಪಕ್ಕ ಕ್ರಾಫರ್ಡ್ ಅಂತ ಎರಡು ಕಲ್ಲಿದ್ದಲು ಕರೆಂಟ್ ಪ್ಲಾಂಟ್ ಮನೆಗಳ ಮಧ್ಯದಲ್ಲೇ ಇದ್ವು. ಕಿಮ್ ವಾಸರ್‌ಮನ್ ಅನ್ನೋ ಸ್ಥಳೀಯ ತಾಯಿ, ಅವರ ಮಗುಗೇ ಉಬ್ಬಸ ಬಂದು ಆಸ್ಪತ್ರೆ ಸೇರಿತ್ತು, ಮನೆಮನೆ ಬಾಗಿಲು ತಟ್ಟಿ ಯಾರ್ಯಾರ ಮಕ್ಕಳಿಗೆ ಇನ್‌ಹೇಲರ್ ಇದೆ ಅಂತ ಕೇಳ್ತಾ ಹೋದ್ರು, ವರ್ಷಗಟ್ಟಲೆ. 2012ರಲ್ಲಿ ಎರಡೂ ಮುಚ್ಚಿದ್ವು, 2013ರಲ್ಲಿ ಅವ್ರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಪ್ಲಾಂಟ್ ಮುಚ್ಚಿದ್ದಕ್ಕೆ ಕೆಲಸ ಮುಗೀಲಿಲ್ಲ, 2020ರ ಏಪ್ರಿಲ್‌ನಲ್ಲಿ ಕೋವಿಡ್ ಹೊತ್ತಲ್ಲೇ ಕ್ರಾಫರ್ಡ್ ಚಿಮಣಿ ಸಿಡಿಸಿ ಕೆಡವಿದಾಗ ಇಡೀ ಬಡಾವಣೆ ಮೇಲೆ ಧೂಳಿನ ಮೋಡ ಕವಿದುಬಿಡ್ತು, ಜನ ಉಸಿರಾಟಕ್ಕೆ ಹೆದರಿ ಕೂತಿದ್ದ ಟೈಮಲ್ಲಿ. ಮತ್ತೆ ವಾಸರ್‌ಮನ್ ಅವರ ಸಂಸ್ಥೆ ಬೀದಿಗಿಳೀಬೇಕಾಯ್ತು.

ಎಲ್ಲಾ ಚಿನ್ನ ಅಂತ ನಾನು ಹೇಳ್ತಿಲ್ಲ. ಇಲ್ಲಿನ ಒಂದು ದೊಡ್ಡ ಲ್ಯಾಟಿನೋ ಸಂಸ್ಥೆಗೆ 2009ರಲ್ಲಿ ಶಾಲೆ ಕಟ್ಟೋಕೆ ರಾಜ್ಯ ಸರ್ಕಾರ 98 ಮಿಲಿಯನ್ ಡಾಲರ್ ಮಂಜೂರು ಮಾಡ್ತು, ಕಾಂಟ್ರಾಕ್ಟ್‌ಗಳು ಒಳಗಿನವರ ಅಣ್ಣತಮ್ಮಂದಿರಿಗೆ ಹೋದ್ವು ಅಂತ ಬಯಲಾಯ್ತು, ಮುಖ್ಯಸ್ಥರು ಜಾಗ ಬಿಡ್ಬೇಕಾಯ್ತು. ನಂಬಿಕೆ ಇಟ್ಟಿದ್ದ ತಂದೆತಾಯಿಗೆ ಎಷ್ಟು ನೋವಾಗಿರ್ಬೇಕು. ಇನ್ನೊಂದು ಕಷ್ಟ ಬಾಡಿಗೆದು, ಪಿಲ್ಸೆನ್ ಈಗ ಫ್ಯಾಷನ್ ಏರಿಯಾ, 2000ದಿಂದೀಚೆಗೆ ಹತ್ತು ಸಾವಿರಕ್ಕೂ ಹೆಚ್ಚು ಲ್ಯಾಟಿನೋ ಜನ ಅಲ್ಲಿಂದ ಬೇರೆ ಕಡೆ ಹೋಗಿದ್ದಾರೆ. ಕಾಸಾ ಅಸ್ತ್ಲಾನ್ ಅಂತ ಹಳೇ ಸಮುದಾಯ ಭವನ ಮಾರಾಟ ಆಗಿ 2017ರಲ್ಲಿ ಅದರ ಗೋಡೆ ಚಿತ್ರಗಳ ಮೇಲೆ ಬಣ್ಣ ಬಳಿದ್ರು, ಜನ ಸುಮ್ನಿರಲಿಲ್ಲ, ಮೊದಲು ಬರೆದ ಕಲಾವಿದರನ್ನೇ ಕರೆಸಿ ಮತ್ತೆ ಗೋಡೆಗೆ ಚಿತ್ರ ಬಂತು. ಆದ್ರೆ ಹೋದ ಕುಟುಂಬಗಳು ವಾಪಸ್ ಬರಲಿಲ್ಲ.

ಸಾರ್, ನಾವು ಕನ್ನಡದವ್ರೂ ಇಲ್ಲಿ ಸಂಘ ಕಟ್ಕೊಂಡಿದೀವಿ, ಯುಗಾದಿ ರಾಜ್ಯೋತ್ಸವ ಚೆನ್ನಾಗೇ ಮಾಡ್ತೀವಿ, ಮಕ್ಕಳಿಗೆ ಕನ್ನಡ ಕಲಿಸ್ತೀವಿ, ನನಗೆ ಅದರ ಬಗ್ಗೆ ಹೆಮ್ಮೆ ಇದೆ. ಆದ್ರೆ ಪಕ್ಕದ ಬೀದಿಯವರ ಶಾಲೆ, ಬಾಡಿಗೆ, ಉಸಿರಾಟದ ವಿಷಯ ಬಂದಾಗ ನಾವು ಕಾಣಿಸ್ಕೊಳ್ಳಲ್ಲ, ನಾನೂ ಹತ್ತು ವರ್ಷ ಕಾಣಿಸ್ಕೊಂಡಿರಲಿಲ್ಲ. ಅರ್ಜಿ ತುಂಬೋ ಶನಿವಾರಗಳಿಗೆ ಜನ ಸಾಲ್ತಾ ಇಲ್ಲ, ಸ್ಪ್ಯಾನಿಷ್ ಬರದಿದ್ರೂ ನಡೆಯುತ್ತೆ, ಪಕ್ಕದಲ್ಲಿ ಹೇಳಿಕೊಡೋ ಹುಡುಗರು ಇರ್ತಾರೆ. ಚಿಕಾಗೊ ಸುತ್ತಮುತ್ತ ಇರೋ ಕನ್ನಡಿಗರು ನಿಮ್ಮ ಪೇಪರ್ ಓದ್ತಾರೆ ಅಂತ ಗೊತ್ತು, ಅವ್ರಲ್ಲಿ ನಾಲ್ಕು ಜನ ಬಂದ್ರೂ ಸಾಕು. ಓದೋ ಕನ್ನಡಕ ಮನೇಲಿ ಹೆಚ್ಚಾಗಿದ್ರೆ ಅದನ್ನೂ ತನ್ನಿ, ಡಬ್ಬ ಬೇಗ ಖಾಲಿ ಆಗುತ್ತೆ.

ಇಂತಿ ನಿಮ್ಮ ಓದುಗಿ,
ಚಿಕಾಗೊ