ಶಂಟಿಂಗ್ ಎಂಜಿನ್ ಒಂದನ್ನಾದರೂ ಉಳಿಸಿಕೊಳ್ಳಿ

ಮಾನ್ಯರೇ,

ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಿಂದ, ಹುಬ್ಬಳ್ಳಿಯದು 2020ರಿಂದ ಹಳೆಯ ರೈಲ್ವೆಯ ನೆನಪನ್ನು ಜೋಪಾನ ಮಾಡುತ್ತಿವೆ. ಅಲ್ಲಿಗೆ ಹೋದವರು ಆವಿ ಎಂಜಿನ್‌ಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದು ಸಹಜವೇ. ಆದರೆ ಯಾರ್ಡ್‌ನಲ್ಲಿ ಹಗಲಿರುಳು ಬೋಗಿಗಳನ್ನು ಎಳೆದು, ತಳ್ಳಿ, ರೇಕ್ (ಒಂದು ಗಾಡಿಯ ಬೋಗಿಗಳ ಸಾಲು) ಕಟ್ಟಿಕೊಟ್ಟ ಡಬ್ಲ್ಯುಡಿಎಸ್-6 ಡೀಸೆಲ್ ಶಂಟಿಂಗ್ ಎಂಜಿನ್‌ಗಳು ಸದ್ದಿಲ್ಲದೆ ಗುಜರಿಗೆ ಹೋಗುತ್ತಿರುವುದು ಯಾರ ಗಮನಕ್ಕೂ ಬಂದಂತಿಲ್ಲ.

ವಾರಾಣಸಿಯ ಕಾರ್ಖಾನೆ ಇವುಗಳನ್ನು 1975ರಿಂದ ತಯಾರಿಸತೊಡಗಿತು. ವಿನ್ಯಾಸದ ಮೂಲ ಅಮೆರಿಕದ ಆಲ್ಕೋ ಕಂಪನಿಯದು. ಆ ಕಂಪನಿ 1969ರಲ್ಲೇ ಬಾಗಿಲು ಹಾಕಿತ್ತು. ಒಳಗಿರುವುದು ಸಾಲಾಗಿ ನಿಂತ ಆರು ಸಿಲಿಂಡರ್‌ಗಳ, ಸುಮಾರು 1,350 ಅಶ್ವಶಕ್ತಿಯ ಯಂತ್ರ. ಹಳಿಗಳ ನಡುವೆ ಒಂದೇ ಮೀಟರ್ ಅಂತರವಿದ್ದ ನಮ್ಮ ಮೀಟರ್‌ಗೇಜ್ ಕಾಲದ ವೈಡಿಎಂ-4 ಡೀಸೆಲ್ ಎಂಜಿನ್‌ನ ಹೊಟ್ಟೆಯಲ್ಲಿದ್ದದ್ದೂ ಇದೇ. ಆ ಎಂಜಿನ್ 72 ಟನ್ ತೂಗಿದರೆ ಇದು 126 ಟನ್. ಗಂಟೆಗೆ 15 ಕಿ.ಮೀ. ಮೀರಬಾರದ ಯಾರ್ಡ್ ಕೆಲಸದಲ್ಲಿ ಭಾರದ ರೇಕನ್ನು ಚಕ್ರ ಜಾರದಂತೆ ಎಳೆಯಲು ತೂಕವೇ ಆಧಾರ. ರಾಜ್ಯದಲ್ಲಿ ಮೀಟರ್‌ಗೇಜ್ ಮುಗಿದ ಮೇಲೂ ಆ ಯಂತ್ರದ ಕುಂಟು ತಾಳದ ಸದ್ದು ಈ ಶಂಟಿಂಗ್ ಎಂಜಿನ್‌ಗಳಿಂದಲೇ ಕಿವಿಗೆ ಬೀಳುತ್ತಿತ್ತು.

ನಾನು ಶಂಟರ್, ಅಂದರೆ ಶಂಟಿಂಗ್ ಎಂಜಿನ್ ಓಡಿಸುವವನಾಗಿ ದುಡಿದವನು. ರಾತ್ರಿ ಪಾಳಿಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಹಸಿರು ದೀಪವನ್ನು ಮೆಲ್ಲಗೆ ಆಡಿಸುತ್ತಿದ್ದಂತೆ, ಎಂಜಿನ್‌ನ ಶಕ್ತಿ ಏರಿಳಿಸುವ ಹಿಡಿಯನ್ನು ಒಂದನೆಯ ಮೆಟ್ಟಿಲಿನಿಂದ (ನಾಚ್) ಸೊನ್ನೆಗೆ ಇಳಿಸಿ, ಬ್ರೇಕ್ ಹಿಡಿದು, ಕೊನೆಯ ಒಂದು ಮಾರು ದೂರವನ್ನು ಎಂಜಿನ್ ತಾನಾಗಿ ತೇಲಿಕೊಂಡು ಹೋಗುವಂತೆ ಬಿಡುವುದೇ ಕೈಚಳಕ. ಬಫರ್‌ಗಳು ತಾಗಿದರೂ ಬೋಗಿಯೊಳಗೆ ಮಲಗಿದವರು ಮಗ್ಗುಲು ಬದಲಿಸಬಾರದು. ಹಾಗೆ ಸೇರಿಸಿದ ದಿನ ಮೇಸ್ತ್ರಿ ಏನೂ ಹೇಳುತ್ತಿರಲಿಲ್ಲ, ಅದೇ ಶಹಭಾಸ್‌ಗಿರಿ.

ವಿದ್ಯುದೀಕರಣದಿಂದ ಕೆಲಸವಿಲ್ಲದೆ ಕುಳಿತ ದೊಡ್ಡ ಡೀಸೆಲ್ ಎಂಜಿನ್‌ಗಳನ್ನೇ ಈಗ ಶಂಟಿಂಗಿಗೆ ಹಚ್ಚುತ್ತಿರುವುದರಿಂದ ಹಳೆಯವು ಹೊರಬೀಳುವುದು ಲೆಕ್ಕಾಚಾರದ ಮಾತು; ಅದಕ್ಕೆ ನನ್ನ ತಕರಾರಿಲ್ಲ. ಬ್ರಿಟನ್ 1952ರಿಂದ 1962ರವರೆಗೆ ಕಟ್ಟಿದ 08 ದರ್ಜೆಯ ಶಂಟಿಂಗ್ ಎಂಜಿನ್‌ಗಳು 996. ಅವುಗಳಲ್ಲಿ ಹಲವು ಹತ್ತನ್ನು ಅಲ್ಲಿನ ರೈಲುಪ್ರೇಮಿಗಳು ಉಳಿಸಿಕೊಂಡು ತಮ್ಮ ಪಾರಂಪರಿಕ ಹಳಿಗಳ ಮೇಲೆ ಇಂದಿಗೂ ದುಡಿಸುತ್ತಿದ್ದಾರೆ. ನಾವು ಕೇಳುವುದು ಒಂದನ್ನು.

ಅದನ್ನು ಬಣ್ಣ ಬಳಿದು ನಿಲ್ದಾಣದ ಮುಂದಿನ ಕಟ್ಟೆಯ ಮೇಲೆ ನಿಲ್ಲಿಸಿದರೆ ಸಾಲದು. ಓಡದೆ ನಿಂತ ಡೀಸೆಲ್ ಯಂತ್ರದ ಬ್ಯಾಟರಿ ಸಾಯುತ್ತದೆ, ರಬ್ಬರ್ ಸೀಲುಗಳು ಬಿರಿಯುತ್ತವೆ, ಸಿಲಿಂಡರ್‌ಗಳ ಒಳಗೋಡೆಗೆ ತುಕ್ಕು ಹಿಡಿಯುತ್ತದೆ. ತಲೆಯ ಮೇಲೆ ಸೂರು, ಕಾಲಡಿಗೆ ಐವತ್ತು ಮೀಟರ್ ಹಳಿ, ತಿಂಗಳಿಗೊಮ್ಮೆ ಸ್ಟಾರ್ಟ್ ಮಾಡುವಷ್ಟು ಡೀಸೆಲ್, ಇಷ್ಟನ್ನು ನೈರುತ್ಯ ರೈಲ್ವೆ ಒದಗಿಸಲಿ. ಇದನ್ನು ಓಡಿಸಿ ಗೊತ್ತಿರುವ ನಿವೃತ್ತರು ಇನ್ನೂ ಊರಲ್ಲೇ ಇದ್ದೇವೆ. ಕರೆದರೆ ಸಂಬಳ ಕೇಳದೆ ಬರುತ್ತೇವೆ.

— ಒಬ್ಬ ನಿವೃತ್ತ ಶಂಟರ್, ಬೆಂಗಳೂರು