ಫಲಿತಾಂಶದ ಪಟ್ಟಿಯಲ್ಲಿ ಹೆಸರು ಬಾರದವರಿಗೆ

ನವೆಂಬರಿನಲ್ಲಿ ಶುರುವಾದ ಜೋಡುಕರೆ ಕಂಬಳಗಳು, ಅಂದರೆ ಅಕ್ಕಪಕ್ಕದ ಎರಡು ಕೆಸರು ಹಾದಿಗಳಲ್ಲಿ (ಕರೆಗಳಲ್ಲಿ) ನಡೆಯುವ ಕೋಣಗಳ ಓಟಗಳು, ಮುಗಿದು ಕೋಣಗಳು ಹಟ್ಟಿ ಸೇರಿವೆ. ಮೂಡುಬಿದಿರೆಯ ಕೋಟಿ–ಚೆನ್ನಯ, ಮಿಯ್ಯಾರಿನ ಲವ–ಕುಶ, ಉಪ್ಪಿನಂಗಡಿಯ ವಿಜಯ–ವಿಕ್ರಮ ಎಂಬ ಹೆಸರಿನ ಜೋಡುಕರೆಗಳು, ಹೀಗೆ ಕರೆಯಿಂದ ಕರೆಗೆ ಕೋಣ ಇಳಿಸಿದ ಯಜಮಾನರಿಗೆಲ್ಲ ನಮ್ಮ ಕಂಬಳ ಸಮಿತಿಯ ನಮಸ್ಕಾರ. ಫಲಿತಾಂಶದ ಪಟ್ಟಿಯಲ್ಲಿ ಅವರ ಹೆಸರಿದೆ. ‘ಓಡಿಸಿದವರು’, ಕೋಣ ಎಳೆಯುವ ಹಲಗೆಯ ಮೇಲೆ ನಿಂತು ಸಾಗಿದ ‘ಹಲಗೆ ಮುಟ್ಟಿದವರು’ ಇದ್ದಾರೆ. ಈ ಬರಹ ಆ ಪಟ್ಟಿಯಲ್ಲಿ ಇಲ್ಲದವರಿಗೆ.

ಮೊದಲು ಕರೆ ಹದ ಮಾಡಿದವರಿಗೆ. ಎರಡು ಕರೆಗಳ ಕೆಸರು ಒಂದೇ ಹದದಲ್ಲಿರದಿದ್ದರೆ ಗೆಲ್ಲುವುದು ಕೋಣವಲ್ಲ, ಮಣ್ಣು. ಜೇಡಿ ಹೆಚ್ಚಾದರೆ ಗೊರಸು ಹೂತು ಕಾಲು ಉಳುಕುತ್ತದೆ, ಮರಳು ಹೆಚ್ಚಾದರೆ ನೆಲ ಬಿಗಿಯುತ್ತದೆ. ನೀರು ಇಳಿದರೆ ಕನೆಹಲಗೆಯ (ನೀರು ಮೇಲಕ್ಕೆ ಚಿಮ್ಮಿಸುವ ಹಲಗೆಯ) ತೂತುಗಳಿಂದ ಏಳುವುದು ಬರೀ ರಾಡಿ, 7.5 ಕೋಲು ಎತ್ತರದ ಮಾತು ಹಾಗಿರಲಿ, 6.5 ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಯ ಬಟ್ಟೆಗೂ ಅದು ತಾಗದು. ನೀವು ಬರಿಗಾಲಲ್ಲಿ ಕರೆಯುದ್ದಕ್ಕೂ ನಡೆದು, ಪಾದಕ್ಕೆ ಸಿಕ್ಕ ಕಲ್ಲು, ಬೇರು ಹೆಕ್ಕಿದಿರಿ. ಕೋಣದ ಜತೆಗೆ ಓಡುವವನ ಕಾಲೂ ಬರಿಗಾಲೇ ಅಲ್ಲವೇ!

ಓಟ ಶುರುವಾಗುವ ಗಂತಿನಲ್ಲಿ ಕೋಣ ಬಿಡಿಸಿದ ಅಣ್ಣಂದಿರಿಗೆ ಎಷ್ಟು ಹೇಳಿದರೂ ಕಡಿಮೆ. ನೊಗದ ಒಂದು ಬದಿಯ ಕೋಣ ಅರೆ ಹೆಜ್ಜೆ ಮುಂದಿದ್ದರೆ ಸಾಕು, ಬಿಟ್ಟ ಕೂಡಲೇ ಜೋಡಿ ಓರೆಗೆ ಎಳೆಯುತ್ತದೆ, ಹಗ್ಗ ಹಿಡಿದವನು ಮಗ್ಗುಲಿಗೆ ಬೀಳುತ್ತಾನೆ. ಇಬ್ಬರ ಕೈ ಒಟ್ಟಿಗೆ ಸಡಿಲವಾಗದಿದ್ದರೂ ಅದೇ ಗತಿ. ಪಕ್ಕದ ಕರೆಯ ಕೋಣ ಕಂಡು ಬೆದರಿ ತಿರುಗಿ ನಿಂತದ್ದನ್ನು ಹೆಸರು ಹಿಡಿದು ಕರೆದು, ಹಣೆ ಸವರಿ, ಮತ್ತೆ ಸಾಲಿಗೆ ತಂದಿರಿ. ಸೊಂಟದವರೆಗೆ ಕೆಸರು, ಮೇಲೆ ಉರಿಬಿಸಿಲು, ಹಿಂದಿನಿಂದ ಮೈಕಿನವರ ಅವಸರ. ಆದರೂ ನಿಮ್ಮ ದನಿ ಏರಲಿಲ್ಲ. ನಮ್ಮ ಮಟ್ಟಿಗೆ ಅರ್ಧ ಓಟ ಅಲ್ಲೇ ಗೆದ್ದಾಗಿರುತ್ತದೆ.

ಓಟ ಮುಗಿಯುವ ಮಂಜೊಟ್ಟಿಯ ಏರಿನಲ್ಲಿ ಎದುರು ನಿಂತು ಕೋಣ ಹಿಡಿದವರು, ಏದುಸಿರು ಇಳಿಯುವವರೆಗೆ ನಡೆಸಿ ಮೈಗೆ ನೀರು ಹುಯ್ದವರು, ಗೊರಸಿನ ಸಂದಿಯ ಕೆಸರನ್ನು ಬೆರಳಲ್ಲೇ ತೆಗೆದವರು, ಸಿಡಿದ ಕೆಸರು ಓಟದ ಗೆಲುವು ಗುರುತಿಸುವ ಲೇಸರ್ ಕಣ್ಣಿಗೆ ಅಡ್ಡವಾಗದಂತೆ ಓಟ ಓಟಕ್ಕೂ ಒರೆಸಿದ ಹುಡುಗರು, ಎಲ್ಲರಿಗೂ ಕೃತಜ್ಞರು.

ಪ್ರಾಣಿಹಿಂಸೆಯ ಕಾರಣಕ್ಕೆ ಜಲ್ಲಿಕಟ್ಟಿನಂಥ ಆಟಗಳನ್ನು ನಿಷೇಧಿಸಿದ 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಹಿಡಿದು 2023ರ ಮೇ 18ರಂದು ಅದೇ ಕೋರ್ಟ್ ಕಂಬಳಕ್ಕೆ ಅವಕಾಶ ಕೊಟ್ಟ ರಾಜ್ಯದ ಕಾಯ್ದೆ ತಿದ್ದುಪಡಿಯನ್ನು ಎತ್ತಿಹಿಡಿಯುವವರೆಗೆ ಕಂಬಳದ ಮೇಲೆ ಕತ್ತಿ ತೂಗುತ್ತಲೇ ಇತ್ತು. ಆದ್ದರಿಂದ ಕುಂಟುತ್ತಿದ್ದ ಕೋಣವನ್ನು ಇಳಿಸಬೇಡಿ ಎಂದ ಪಶುವೈದ್ಯರಿಗೆ, ಎತ್ತಿದ ಬೆತ್ತವನ್ನು ತಡೆದ ತೀರ್ಪುಗಾರರಿಗೆ ವಿಶೇಷ ವಂದನೆ. ಆ ಹೊತ್ತಿಗೆ ಕೆಲವರಿಗೆ ಬೇಸರವಾಗಿರಬಹುದು. ನೀವು ಮಾಡಿದ್ದೇ ಸರಿ.

ಲಾರಿಯವರನ್ನು ಮರೆತಿಲ್ಲ. ಬೈಹುಲ್ಲು ದಪ್ಪಗೆ ಹಾಸಿ, ತಿರುವಿನಲ್ಲಿ ಕೋಣದ ಕಾಲು ಜಾರದಂತೆ ನಿಧಾನ ಮಾಡಿ, ನಿದ್ದೆಗೆಟ್ಟ ಬೆಳಗಿನ ಜಾವದಲ್ಲಿ ಅವುಗಳನ್ನು ಹಟ್ಟಿಯ ಬಾಗಿಲಿಗೆ ಮುಟ್ಟಿಸಿದ್ದೀರಿ.